ಮೊರ ಇಳಿಯುವ ತನಕ

ನಮ್ಮೂರಲ್ಲಿ ಯಾರ ಮನೆಯ ಬಾಗಿಲಿಗಾದರೂ ಮೊರ ತೂಗಿದ್ದರೆ ಆ ಬೀದಿಯಲ್ಲಿ ಯಾರೂ ಮಾತಾಡುವುದಿಲ್ಲ. ತರಕಾರಿ ಗಾಡಿಯವನು ಕೂಗು ನಿಲ್ಲಿಸಿ ಒಂದು ಬದನೆಕಾಯಿಯನ್ನು ಮೇಲೆತ್ತಿ ತೋರಿಸುತ್ತಾ ಹೋಗುತ್ತಾನೆ. ಸೈಕಲ್ಲಿನವರು ಬೆಲ್ಲಿನ ಮೇಲೆ ಅಂಗೈ ಒತ್ತಿ ಹಿಡಿಯುತ್ತಾರೆ. ಬಳೆಗಾರ ತನ್ನ ಬಳೆಗಳ ಮಲಾರಕ್ಕೆ ಪಂಚೆ ಸುತ್ತುತ್ತಾನೆ. ಶಾಲೆಗೆ ಹೋಗುವ ಮಕ್ಕಳಿಗೆ ಬೀದಿಯ ಈ ತುದಿಯಲ್ಲಿ ಬಾಯಿ ತುಂಬ ನೀರು ಕೊಟ್ಟು ಕಳಿಸುತ್ತಾರೆ. ಆ ತುದಿಗೆ ಹೋಗಿ ಉಗುಳಬೇಕು. ಅಲ್ಲಿ ನೆಲ ಯಾವಾಗಲೂ ಒದ್ದೆ, ಅದರಲ್ಲಿ ಯಾರೋ ಪುದೀನ ಹಚ್ಚಿದ್ದಾರೆ. ಜಗಳವಾಡುವವರು ಜಗಳವನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಾರೆ. ತೀರಾ ತಡೆಯಲಾರದವರು ಎದುರಾಳಿಯ ರಟ್ಟೆ ಹಿಡಿದು ಪಕ್ಕದ ಬೀದಿಗೆ ಕರೆದೊಯ್ದು, "ಮೊರ ಇಳೀಲಿ, ಆಮೇಲೆ ನಿನ್ನ ನೋಡ್ಕೊಂತೀನಿ" ಎಂದು ಹೇಳಿ, ಮತ್ತೆ ಇಬ್ಬರೂ ಜೊತೆಯಾಗಿ ಸುಮ್ಮನೆ ವಾಪಸು ಬರುತ್ತಾರೆ.

ಮೊರ ತೂಗಿದರೆ ಒಳಗೆ ಯಾರೋ ಅಣಬೆ ತಿಂದಿದ್ದಾರೆ ಎಂದು ಗುರುತು. ಆ ಅಣಬೆ ಏಳುವುದು ಮುಚ್ಚಿಹೋದ ಗಿರಣಿಯ ಗೋದಾಮಿನಲ್ಲಿ, ಹಳೆಯ ಹತ್ತಿ ಕಸದ ರಾಶಿಗಳ ಮೇಲೆ. ಸಂಜೆ ಗುಡುಗಿದರೆ ಮಾರನೆಯ ಬೆಳಿಗ್ಗೆ ಎದ್ದಿರುತ್ತವೆ. ಬಿಸಿಲು ಏರುವುದರೊಳಗೆ ಕೀಳದಿದ್ದರೆ ಕಪ್ಪು ನೀರಾಗಿ ಇಳಿದು ಹೋಗುತ್ತವೆ. ನೋಡಲು ಬೂದಿಯ ಬಣ್ಣ. ಮುಟ್ಟಿದರೆ ಮುಟ್ಟಿದ ಕಡೆ ನೀಲಿಗಟ್ಟುತ್ತದೆ. ತಿಂದವರ ಉಗುರೂ ಹಾಗೆಯೇ ನೀಲಿಯಾಗುತ್ತದೆ, ಆ ನೀಲಿ ಇರುವ ತನಕ ಅವರನ್ನು ಹಸಿಯಾಗಿದ್ದಾರೆ ಎನ್ನುತ್ತೇವೆ. ಹಸಿಗೋಡೆಗೆ ಹರಳು ನೆಟ್ಟ ಹಾಗೆ ಎಂಬ ಮಾತು ಬೇರೆ ಊರುಗಳಲ್ಲಿ ಗಾದೆಯಂತೆ. ನಮ್ಮಲ್ಲಿ ಅದು ಎಚ್ಚರಿಕೆ. ಹಸಿಯಾಗಿರುವಾಗ ಕಿವಿಗೆ ಬಿದ್ದ ಮಾತು ಒಳಗೆ ನಾಟಿಕೊಂಡು, ನೀಲಿ ಮಾಸುತ್ತಿದ್ದಂತೆ ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ಮನೆಯವರು ಮೊದಲೇ ಕೂತು ಒಂದು ಮಾತನ್ನು ಆರಿಸುತ್ತಾರೆ. ನೀಲಿ ಕಡುವಾದ ಹೊತ್ತಿನಲ್ಲಿ ಹಿರಿಯರೊಬ್ಬರು ಒಳಗೆ ಬಂದು ಅದನ್ನು ಒಂದೇ ಸಲ ಹೇಳಿ ಹೋಗಬೇಕು. ಬೇರೆ ಮಾತು ಕೂಡದು. ಸುಳ್ಳಂತೂ ಕೂಡದೇ ಕೂಡದು. ಸುಳ್ಳು ಯಾಕೆ ಕೂಡದು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, ಹಿಂದಿನಿಂದ ಬಂದದ್ದು.

ದವಾಖಾನೆಯ ಡಾಕ್ಟರಮ್ಮ ಒಮ್ಮೆ ಇದನ್ನು ವಿವರಿಸಿದ್ದರು. ನಮ್ಮ ಮೆದುಳಿನಲ್ಲಿ ದನ ನಡೆದು ನಡೆದು ಬಿದ್ದ ಕಾಲುದಾರಿಗಳಂಥ ದಾರಿಗಳಿರುತ್ತವಂತೆ, ಯೋಚನೆ ಯಾವಾಗಲೂ ಅದರಲ್ಲೇ ಹೋಗುತ್ತದಂತೆ, ಅಣಬೆ ತಿಂದಾಗ ಅವೆಲ್ಲ ಮಳೆ ಬಿದ್ದ ಹೊಲದ ಹಾಗೆ ಮೆತ್ತಗಾಗಿ ಹೊಸ ದಾರಿ ತುಳಿಯಲು ಬರುತ್ತದಂತೆ. ಮಠದ ಅಜ್ಜಯ್ಯನವರು ಅದೆಲ್ಲ ಇಲ್ಲ, ಅದು ಕೃಪೆ, ಮನುಷ್ಯ ಒಂದು ಗಳಿಗೆ ತಾನು ಎಂಬುದನ್ನು ಕಳಚಿಡುತ್ತಾನೆ ಎಂದರು. ಊರವರು ಇಬ್ಬರ ಮಾತಿಗೂ ಹೌದು ಹೌದು ಎಂದು ತಲೆಯಾಡಿಸಿ ಮನೆಗೆ ಬಂದರು. ನಾನೂ ಆಡಿಸಿದೆ. ಯಾವುದು ಸರಿ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಎಷ್ಟು ಜಾಗ್ರತೆ ಮಾಡಿದರೂ ಏನಾದರೂ ಒಂದು ಎಡವಟ್ಟು ಆಗುತ್ತದೆ. ಗಿರಣಿಯ ಹಳೆ ಮೇಸ್ತ್ರಿ ತಿಮ್ಮಣ್ಣನಿಗೆ ಕುಡಿತ ಬಿಡಿಸಲೆಂದು ಕೊಟ್ಟಿದ್ದರು. "ಕುಡಿದಿದ್ದು ಸಾಕು" ಎಂಬ ಮಾತು ಸರಿಯಾಗಿಯೇ ನಾಟಿತು. ಆದರೆ ಬೇರೆ ಊರಿಂದ ಬಂದ ಸೊಸೆ ಅವನನ್ನು ಹಿತ್ತಲಿಗೆ ಕರೆದೊಯ್ಯುವಾಗ, "ಹುಷಾರು ಮಾವ, ಮೆಟ್ಟಿಲು" ಅಂದುಬಿಟ್ಟಳು. ಅಂದಿನಿಂದ ತಿಮ್ಮಣ್ಣ ಯಾವ ಬಾಗಿಲು ಕಂಡರೂ ಕಾಲನ್ನು ಮೊಣಕಾಲಿನ ತನಕ ಎತ್ತಿ ಇಡುತ್ತಾನೆ. ಮೆಟ್ಟಿಲಿಲ್ಲದ ಕಡೆ ಮುಗ್ಗರಿಸುತ್ತಾನೆ. ಮೊದಲು ಅವನ ಮನೆಯವರು ಎಲ್ಲ ಬಾಗಿಲಿಗೂ ಒಂದೊಂದು ಮೆಟ್ಟಿಲು ಕಟ್ಟಿಸಿದರು, ಆಮೇಲೆ ಅವನು ಹರಟೆಗೆ ಹೋಗುವ ಮನೆಯವರು ಕಟ್ಟಿಸಿದರು, ಈಗ ನಮ್ಮ ಬೀದಿಯ ಎಲ್ಲ ಮನೆಗಳಿಗೂ ಮೆಟ್ಟಿಲಿದೆ. ಟೈಲರ್ ಮಲ್ಲೇಶಿಯ ಹೆಂಡತಿಯದು ಇನ್ನೊಂದು ಕಥೆ. ಸಿಟ್ಟು ಹೋಗಲೆಂದು ಅವಳಿಗೆ ಅಣಬೆ ಕೊಟ್ಟಾಗ ಅತ್ತೆ, "ಅತ್ತೆ ಹೇಳಿದಂಗೆ ಕೇಳು" ಎಂದಳು. ಅವಳು ಕೇಳುತ್ತಾಳೆ. ಎಡಕ್ಕೆ ಮಲಗಲಾ ಬಲಕ್ಕೆ ಮಲಗಲಾ ಎಂಬುದನ್ನೂ ಕೇಳುತ್ತಾಳೆ. ಆ ಮುದುಕಿ ಈಗ ಮಧ್ಯಾಹ್ನವಾದರೆ ನಮ್ಮ ಜಗುಲಿಗೆ ಬಂದು ಅಡಗಿ ಕೂತಿರುತ್ತಾಳೆ.

ನನ್ನ ಹೆಸರು ಕೊಟ್ರಮ್ಮ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಒಬ್ಬೊಬ್ಬರನ್ನೇ ನಿಲ್ಲಿಸಿ ಪಾಠ ಓದಿಸುತ್ತಿದ್ದರು. ಅಕ್ಷರ ನನಗೆ ಕಾಣುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ಮೇಷ್ಟ್ರು ಕಾಯುತ್ತಿದ್ದರು, ಕ್ಲಾಸೆಲ್ಲ ಕಾಯುತ್ತಿತ್ತು, ಕಿಟಕಿಯಲ್ಲಿ ಕೂತ ಕಾಗೆಯೂ ಕಾಯುವಂತೆ ಕಾಣುತ್ತಿತ್ತು. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಮನೆಯಲ್ಲಿ ಯಾರೂ ಬೈಯಲಿಲ್ಲ. ಅಪ್ಪನ ಅಕ್ಕ ಸಾಕತ್ತೆ ಮಾತ್ರ ನನ್ನ ಗದ್ದ ಹಿಡಿದು ನೋಡಿ, "ಈ ಬಾಯಿನ ದೇವರು ನನ್ನ ಕೆಲಸಕ್ಕೇ ಮಾಡ್ಯಾನೆ" ಎಂದಳು. ಸಾಕತ್ತೆಯ ಕೆಲಸವೆಂದರೆ ಅಣಬೆ ಒಣಗಿಸಿಡುವುದು, ಬೇಕಾದವರಿಗೆ ಬೇಯಿಸಿ ಕೊಡುವುದು, ಮೊರ ತೂಗುವುದು, ಇಳಿಸುವುದು. ನನ್ನ ಕೆಲಸ ಹಸಿಯಾದವರ ಜೊತೆ ಕೂರುವುದು. ನೀರು ಕೊಡಬೇಕು, ಬೆವರು ಒರೆಸಬೇಕು, ಹೆದರಿದರೆ ಕೈ ಹಿಡಿದುಕೊಳ್ಳಬೇಕು. ಅವರು ಏನು ಕೇಳಿದರೂ ಉತ್ತರ ಕೊಡಬಾರದು.

ಜೊತೆ ಕೂರುವವರಿಗೂ ಒಂದು ಕಟ್ಟಳೆಯಿದೆ. ಮನುಷ್ಯನನ್ನು ಆ ಜಾಗಕ್ಕೆ ಒಬ್ಬನೇ ಕಳಿಸಬಾರದೆಂದು, ಕೂರುವವಳೂ ಉಗುರಿನಷ್ಟು ಒಂದು ಚೂರು ತಿನ್ನಬೇಕು. ಹಾಗಾಗಿ ನಾನೂ ಸ್ವಲ್ಪ ಹಸಿಯಾಗುತ್ತೇನೆ, ಅವರಿಗೆ ಹೇಳಿದ ಮಾತು ನನ್ನೊಳಗೂ ಇಳಿಯುತ್ತದೆ. ತಿಮ್ಮಣ್ಣನ ಹಾಗೆ ನಾನೂ ಬಾಗಿಲಲ್ಲಿ ಕಾಲೆತ್ತುತ್ತೇನೆ, ಅವನಷ್ಟಲ್ಲ, ಸ್ವಲ್ಪ. ನನಗೆಂದೂ ಇಲ್ಲದ ಕುಡಿತ ನನಗೆ ಬಿಟ್ಟುಹೋಗಿದೆ. ಸಾರಾಯಿ ಅಂಗಡಿಯ ಮುಂದೆ ಹಾದರೆ, ಎಷ್ಟು ಕಷ್ಟಪಟ್ಟು ಬಿಟ್ಟೆನಲ್ಲ ಎಂದು ಮನಸ್ಸು ಹಗುರಾಗುತ್ತದೆ. ಮದುವೆಯೇ ಆಗದ ನಾನು ಕೆಲವು ಸಲ ನೀರು ಕುಡಿಯುವ ಮುಂಚೆ ಅತ್ತೆಯನ್ನು ಕೇಳಬೇಕೇನೋ ಎಂದು ಲೋಟ ಹಿಡಿದು ನಿಲ್ಲುತ್ತೇನೆ. ನನ್ನೊಳಗೆ ನನ್ನದು ಯಾವುದು, ಕೂತು ಬಂದದ್ದು ಯಾವುದು ಎಂದು ಬಿಡಿಸಿ ನೋಡಲು ಹೋದರೆ ತಲೆ ಸುತ್ತುತ್ತದೆ. ಅದಕ್ಕೆ ಬಿಡಿಸಲು ಹೋಗುವುದಿಲ್ಲ.

ನನಗೊಬ್ಬ ತಮ್ಮನಿದ್ದ, ಮೈಲಾರಿ. ಗೋದಾಮಿನ ರಾಶಿಗಳ ಮೇಲೆ ಹತ್ತಿ ಅಣಬೆ ಕೀಳಲು ಹಗುರ ಮೈಯವರೇ ಬೇಕು, ಭಾರದವರು ಹತ್ತಿಯಲ್ಲಿ ಹೂತುಹೋಗುತ್ತಾರೆ. ಮೈಲಾರಿ ಬಡಕಲ, ಆಗಷ್ಟೇ ಮೀಸೆ ಚಿಗುರುತ್ತಿತ್ತು. ಹಿಂದಿನ ಸಂಜೆ ಗುಡುಗಿತ್ತು. ಬೆಳಿಗ್ಗೆ ಅಪ್ಪ ತನ್ನ ಸೈಕಲ್ ಅಂಗಡಿಗೆ ಹೋಗಿಯಾಗಿತ್ತು. ಅವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು, ನಾನು ಹೊಸ್ತಿಲ ಹತ್ತಿರ ಕಾಳು ಆರಿಸುತ್ತಿದ್ದೆ. ಮೈಲಾರಿ ಬುಟ್ಟಿ ಎತ್ತಿಕೊಂಡ. "ನಿಲ್ಲಲೇ, ಒಂದು ರೊಟ್ಟಿ, ಬಂತು" ಎಂದಳು ಅವ್ವ. "ಬಂದು ತಿಂತೀನಿ ಬಿಡವ್ವ, ಬಿಸಿಲು ಬಿದ್ರೆ ಕರಗ್ತಾವೆ" ಎಂದು ಅವನು ಹೋದ. ಅವ್ವ ಆ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಮುಚ್ಚಳ ಮುಚ್ಚಿದಳು. ಬುಟ್ಟಿಯನ್ನು ಅವನು ಒಮ್ಮೆ ತುಂಬಿ ಸಾಕತ್ತೆಗೆ ಕೊಟ್ಟು, ಎರಡನೆಯ ಸಲ ಒಳಗೆ ಹೋದಾಗ ಗೋದಾಮಿನ ಮಾಡು ಕುಸಿಯಿತು. ಅವನನ್ನು ಹೊರಗೆ ತಂದಾಗ ಮೈಮೇಲೆ ಒಂದು ಗಾಯವೂ ಇರಲಿಲ್ಲ, ಹುಬ್ಬು ಕೂದಲಿಗೆಲ್ಲ ಹತ್ತಿ ಅಂಟಿತ್ತು.

ಅವನು ಸತ್ತದ್ದು ಅವ್ವನಿಗೆ ಗೊತ್ತು. ಅದನ್ನು ಅವಳು ಯಾವತ್ತೂ ಮರೆಯಲಿಲ್ಲ. ಮಣ್ಣು ಹಾಕುವಾಗ ತಾನೂ ಹಿಡಿ ಹಾಕಿದಳು, ದಿನ ಮಾಡಿದಳು, ಅವನ ಅಂಗಿಗಳನ್ನು ಪಕ್ಕದ ಮನೆಯ ಹುಡುಗರಿಗೆ ಹಂಚಿದಳು. ಆದರೆ ದಿನಾ ಬೆಳಿಗ್ಗೆ ಒಂದು ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಮುಚ್ಚಳ ಮುಚ್ಚುತ್ತಾಳೆ. ಮನೆಗೆ ಬಂದವರನ್ನು, ಹಾಲಿನವನಾಗಲಿ ಸೂಜಿ ಮಾರುವವಳಾಗಲಿ, "ಮೈಲಾರಿ ಉಂಡನಾ?" ಎಂದು ಕೇಳುತ್ತಾಳೆ. ಅವನು ಉಂಡ ಮೇಲೆ ತಾನು ಉಣ್ಣುತ್ತೇನೆ ಎನ್ನುತ್ತಾಳೆ. ಮಕ್ಕಳು ಹಸಿದಿರುವಾಗ ತಾಯಿಯ ಗಂಟಲಲ್ಲಿ ಅನ್ನ ಹೇಗೆ ಇಳಿಯುತ್ತದೆ ಎಂದು ನಮ್ಮನ್ನೇ ಕೇಳುತ್ತಾಳೆ. ಉಂಡ, ಉಂಡ ಎಂದು ಬೀದಿಯ ಹೆಂಗಸರು ಹೇಳಿ ನೋಡಿದರು. ಅವ್ವ ಎದ್ದು ಹೋಗಿ ಮುಚ್ಚಳ ತೆಗೆದು, "ಇಲ್ಲೇ ಐತಲ್ಲ, ನೋಡಿ" ಎಂದು ರೊಟ್ಟಿಯನ್ನು ತೋರಿಸಿದಳು. ಆಮೇಲೆ ಯಾರೂ ಹೇಳಲಿಲ್ಲ. ನಾವು ಬಲವಂತ ಮಾಡಿದರೆ ಗಂಜಿಯ ನೀರು ಕುಡಿಯುತ್ತಿದ್ದಳು. ಬಳೆಗಳು ಮೊಣಕೈ ತನಕ ಸರಿದು ಹೋಗುವಷ್ಟು ಇಳಿದಳು. ಡಾಕ್ಟರಮ್ಮ ನಾಡಿ ನೋಡಿ, ಅಪ್ಪನನ್ನು ಹೊರಗೆ ಕರೆದು, ಹೀಗೇ ಆದರೆ ಈ ಬೇಸಿಗೆ ದಾಟುವುದಿಲ್ಲ ಎಂದರು. ಹೊರಗೆ ಹೇಳಿದರೂ ನನಗೆ ಕೇಳಿಸಿತು. ಮಾತಾಡದವರಿಗೆ ಕಿವಿ ದೊಡ್ಡದು.

ಹಾಗಾಗಿ ಮಾತು ಆರಿಸಲು ಎಲ್ಲರೂ ಜಗುಲಿಯಲ್ಲಿ ಕೂತರು. ಅಜ್ಜಯ್ಯನವರು "ಶಿವ ಕೊಟ್ಟ, ಶಿವ ಒಯ್ದ" ಎನ್ನಿ ಎಂದರು. ಸಾಕತ್ತೆ ಒಪ್ಪಲಿಲ್ಲ. ಆ ಮಾತನ್ನು ಹಿಂದೆ ಒಬ್ಬ ವಿಧವೆಗೆ ಹೇಳಿದ್ದಕ್ಕೆ, ಈಗ ಅವಳ ಮನೆಗೆ ಕಳ್ಳ ನುಗ್ಗಿದರೂ ಶಿವ ಒಯ್ದ ಎಂದು ಅವಳೇ ಗಂಟು ಹೊರಿಸಿ ಕಳಿಸುತ್ತಾಳೆ ಎಂದು ನೆನಪಿಸಿದಳು. ಅಜ್ಜಯ್ಯನವರು ನಕ್ಕು, ಅದು ಮೋಕ್ಷಕ್ಕೆ ಹತ್ತಿರವೇ ಅಲ್ಲವೇ ಎಂದರು. ಮೋಕ್ಷ ಆಯ್ತು ಬುದ್ಧಿ, ಪಾತ್ರೆ ಇಲ್ಲ ಎಂದಳು ಸಾಕತ್ತೆ. ಅಪ್ಪ ಕೊನೆಗೆ ನೆಲ ನೋಡುತ್ತಾ ತನ್ನ ಮಾತನ್ನು ಹೇಳಿದ. "ನಿನಗಿರೋಳು ಒಬ್ಬಳೇ ಮಗಳು." ಅಷ್ಟೇ. ಅದು ಸುಳ್ಳಲ್ಲವಲ್ಲ, ಈಗ ಇರೋದು ಒಬ್ಬಳೇ ತಾನೆ, ಎಂದ. ಎಲ್ಲರೂ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಸುಳ್ಳಿಲ್ಲ. ನಾಟಿದರೆ ಮೈಲಾರಿ ಅವ್ವನ ತಲೆಯಿಂದ ಹೋಗುತ್ತಾನೆ, ಅವನ ಹಸಿವೂ ಹೋಗುತ್ತದೆ. ಅವಳು ಉಣ್ಣುತ್ತಾಳೆ.

ಜೊತೆ ಕೂರುವವಳು ನಾನು ಎಂಬುದನ್ನು ಯಾರೂ ಎತ್ತಲಿಲ್ಲ. ನನಗೆ ರಾತ್ರಿಯೆಲ್ಲ ಅದೇ ಯೋಚನೆ. ಮರುದಿನ ಅಪ್ಪನ ಅಂಗಡಿಗೆ ಬುತ್ತಿ ಒಯ್ದಾಗ ಅಲ್ಲೇ ನಿಂತೆ. ಅಪ್ಪ ಒಂದು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಿದ್ದ. ನಾನು ಹೋಗದೆ ನಿಂತದ್ದು ನೋಡಿ ಅವನಿಗೆ ಅರ್ಥವಾಯಿತು.

"ನಿನಗೂ ಅವನು ಹೋಗಿಬಿಡ್ತಾನೆ, ಗೊತ್ತು" ಎಂದ. "ನಿನಗೂ ಒಳ್ಳೇದು ಕಣವ್ವ. ಚಿಕ್ಕ ವಯಸ್ಸು."

ನಾನು ಬುತ್ತಿಯ ಗಂಟನ್ನು ಅವನ ಪಕ್ಕಕ್ಕೆ ಸರಿಸಿದೆ.

"ಒಬ್ಬರು ನೆನಪಿಟ್ಕೊಂಡ್ರೆ ಸಾಕು. ನಾನಿದೀನಲ್ಲ."

ಗುಳ್ಳೆ ಏಳುವ ಜಾಗ ಸಿಕ್ಕಿತ್ತು, ಅಪ್ಪ ಅದರ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದ. ಬೇರೆಯವಳು ಕೂರಲಿ ಎಂದು ಹೇಳಬಹುದಿತ್ತು. ಆದರೆ ಅವ್ವ ಈಗ ಇನ್ನೊಬ್ಬರ ಕೈಯಿಂದ ನೀರೂ ಮುಟ್ಟುತ್ತಿರಲಿಲ್ಲ. ಜೊತೆಗೆ, ನಾಚಿಕೆಯಾದರೂ ಹೇಳಬೇಕು, ಒಬ್ಬಳೇ ಮಗಳು ಎಂಬ ಮಾತು ನನಗೆ ಒಂದು ಕಡೆ ಸಿಹಿಯಾಗಿಯೂ ಇತ್ತು. ಅವನು ಹೋದ ಮೇಲೆ ಅವ್ವ ನನ್ನ ಮುಖವನ್ನು ನೋಡಿದ್ದೇ ಇಲ್ಲ. ನೋಡಿದರೂ ನನ್ನನ್ನು ದಾಟಿ ಬಾಗಿಲನ್ನು ನೋಡುತ್ತಿದ್ದಳು. ತಮ್ಮನನ್ನು ಬಿಟ್ಟುಕೊಟ್ಟರೆ ಅವ್ವ ಸಿಗುತ್ತಾಳೆ. ಬಿಟ್ಟುಕೊಟ್ಟದ್ದೂ ನೆನಪಿರುವುದಿಲ್ಲ. ಹಾಗಾದರೆ ಅದು ತಪ್ಪೋ ಅಲ್ಲವೋ? ಮನೆಗೆ ಬರುವ ದಾರಿಯಲ್ಲಿ ಮೈಲಾರಿಯ ಮುಖವನ್ನು ಮನಸ್ಸಿಗೆ ತಂದುಕೊಂಡು, ಎಡ ಹುಬ್ಬು, ಮುರಿದ ಹಲ್ಲು, ಎಂದು ಒಂದೊಂದಾಗಿ ನೋಡಿಕೊಂಡು ಬಂದೆ, ಊರು ಬಿಡುವವರು ಮನೆಯ ಮೂಲೆಗಳನ್ನು ನೋಡುವ ಹಾಗೆ.

ಅವ್ವ ಅಣಬೆ ತಿನ್ನಲು ಒಪ್ಪಲಿಲ್ಲ. "ನನ್ನ ಮಗನ್ನ ತಿಂದದ್ದನ್ನ ನಾನು ತಿನ್ನಲಾ?" ಎಂದು ಬಟ್ಟಲನ್ನು ದೂರ ಸರಿಸಿದಳು. ಅಪ್ಪ ಬೇಡಿಕೊಂಡ, ಅಜ್ಜಯ್ಯನವರು ಬುದ್ಧಿ ಹೇಳಿದರು. ಆಗ ಸಾಕತ್ತೆ ತನ್ನ ಮನೆಗೆ ಹೋಗಿ ಒಂದು ದಾರದ ಸರ ತಂದಳು. ಒಣ ಅಣಬೆಗಳನ್ನು ಪೋಣಿಸಿದ ಸರ. ಆವತ್ತು ಅವನು ಮೊದಲ ಸಲ ತುಂಬಿಕೊಟ್ಟ ಬುಟ್ಟಿಯವು; ಯಾರಿಗೂ ಕೊಡಲು ಮನಸ್ಸು ಬಾರದೆ ಇಟ್ಟುಕೊಂಡಿದ್ದಳಂತೆ.

"ಇವು ಅವನೇ ಕಿತ್ತಿದ್ದು ಹಾಲವ್ವ. ಬೇಕಾದ್ರೆ ನೋಡು, ಬೆರಳಿನ ಗುರುತೈತೆ" ಎಂದಳು.

ಇತ್ತು. ಪ್ರತಿಯೊಂದು ಅಣಬೆಯ ಬುಡದಲ್ಲಿ ಹಿಡಿದು ಕಿತ್ತ ಕಡೆ ಎರಡು ನೀಲಿ ಕಲೆಗಳು ಒಣಗಿ ಕೂತಿದ್ದವು. ಅವ್ವ ಒಂದೊಂದರ ಕಲೆಯ ಮೇಲೂ ತನ್ನ ಬೆರಳಿಟ್ಟು ನೋಡಿದಳು. ಆಮೇಲೆ ಸರವನ್ನು ಸಾಕತ್ತೆಯ ಕೈಗೆ ಕೊಟ್ಟು, ಬೇಯಿಸು ಎಂಬಂತೆ ಒಲೆಯ ಕಡೆ ನೋಡಿದಳು. ಮಗ ಕಷ್ಟಪಟ್ಟು ಕಿತ್ತು ತಂದದ್ದು ಹಾಳಾಗಬಾರದು ಎಂದುಕೊಂಡಳೋ ಏನೋ.

ಮೊರ ತೂಗಿದರು. ಬೀದಿ ಬಾಯಿ ಮುಚ್ಚಿತು. ಒಳಗಿನ ಕೋಣೆಯಲ್ಲಿ ಅವ್ವ ಚಾಪೆಯ ಮೇಲೆ ಮಲಗಿದಳು, ನಾನು ನನ್ನ ಚೂರು ತಿಂದು ಪಕ್ಕದಲ್ಲಿ ಕೂತೆ. ಹಳೆ ಹತ್ತಿಯ ರುಚಿ, ಮಣ್ಣಿನ ರುಚಿ. ಬೆಳಗಿನ ಬಿಸಿಲು ಬೆಳಕಿಂಡಿಯಿಂದ ಇಳಿದು ಗೋಡೆಯ ಮೇಲೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಆ ಬಿಸಿಲು ಉಸಿರಾಡತೊಡಗಿತು. ಗೋಡೆಯ ಸುಣ್ಣದಲ್ಲಿ ನಾನು ಎಂದೂ ಕಾಣದ ಎಳೆಗಳು ಕಂಡವು, ಮಗ್ಗಕ್ಕೆ ಹಾಕಿದ ನೂಲಿನ ಹಾಗೆ ಒಂದಕ್ಕೊಂದು ಹೆಣೆದುಕೊಂಡು ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ಇದೆಲ್ಲ ನನಗೆ ಅಭ್ಯಾಸ, ಹೆದರುವುದಿಲ್ಲ. ಅವ್ವ ಒಮ್ಮೆ ನಕ್ಕಳು, ಒಮ್ಮೆ ತನ್ನ ತವರಿನ ಯಾವುದೋ ಎಮ್ಮೆಯನ್ನು ಹೆಸರು ಹಿಡಿದು ಕರೆದಳು, ಬಹಳ ಹೊತ್ತು ಅತ್ತಳು. ಅಳು ನಿಂತ ಮೇಲೆ ಅವಳ ಮುಖ ಒರೆಸಿಟ್ಟ ಹಲಗೆಯ ಹಾಗೆ ಬರಿದಾಯಿತು. ಉಗುರು ನೋಡಿದೆ. ನೀಲಿ ಕಡುವಾಗಿತ್ತು, ನೇರಳೆ ಹಣ್ಣಿನ ಸಿಪ್ಪೆಯಷ್ಟು. ನನ್ನ ಉಗುರುಗಳಲ್ಲೂ ತೆಳ್ಳಗೆ ಹತ್ತಿತ್ತು.

ನಾನು ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಅದು ಅಪ್ಪ ಬರಬೇಕೆಂಬ ಗುರುತು. ಅಪ್ಪ ಬಂದ. ಕ್ಷೌರ ಮಾಡಿಸಿಕೊಂಡು ಒಗೆದ ಅಂಗಿ ಹಾಕಿದ್ದ. ಚಾಪೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಬಾಯಿ ತೆರೆದ. ಮಾತು ಬರಲಿಲ್ಲ. ಮುಚ್ಚಿ ಮತ್ತೆ ತೆರೆದ. ಏಳನೇ ಕ್ಲಾಸಿನಲ್ಲಿ ನಾನು ಹೊರಗಿನವರಿಗೆ ಹೇಗೆ ಕಂಡಿರಬಹುದು ಎಂದು ಆಗ ಗೊತ್ತಾಯಿತು. ಅವನು ಹಸಿಯಾಗಿರಲಿಲ್ಲ, ಹೇಳಿದರೆ ಅವನಿಗೇನೂ ಮರೆಯುತ್ತಿರಲಿಲ್ಲ. ಆದರೂ ಮಗನಿಲ್ಲ ಎಂಬುದನ್ನು ತನ್ನ ಬಾಯಿಂದಲೇ ಆಡಬೇಕಿತ್ತು. ಅಪ್ಪ ನನ್ನನ್ನು ನೋಡಿದ. ನೀನು ಹೇಳು ಎಂದು ಕೈಸನ್ನೆ ಮಾಡಿದ. ನಾನು ತಲೆ ಅಲ್ಲಾಡಿಸಿದೆ, ಹೌದೆಂದೋ ಇಲ್ಲವೆಂದೋ ನನಗೇ ಗೊತ್ತಿಲ್ಲ. ಅವನು ಹೌದೆಂದು ತಿಳಿದು, ಎದ್ದು, ಬಾಗಿಲಲ್ಲಿ ಕಾಲನ್ನು ಎತ್ತರ ಮಾಡಿ ಇಟ್ಟು ಹೊರಗೆ ಹೋದ. ತಿಮ್ಮಣ್ಣನನ್ನು ನೋಡಿ ನೋಡಿ ಬೀದಿಯಲ್ಲಿ ಎಲ್ಲರಿಗೂ ಅದು ಬಂದುಬಿಟ್ಟಿದೆ.

ಈಗ ಅವ್ವ, ನಾನು, ಆ ಮಾತು. ನಾಲಿಗೆಯ ಮೇಲೆ ಇಟ್ಟುಕೊಂಡೆ. ನಿನಗಿರೋಳು. ಒಬ್ಬಳೇ. ಮಗಳು. ಮೂರೇ ಹೆಜ್ಜೆ. ಅವ್ವ ಬದುಕುತ್ತಾಳೆ. ಮೈಲಾರಿಯ ಮುಖ ನೋಡಿಕೊಳ್ಳೋಣವೆಂದು ಕಣ್ಣು ಮುಚ್ಚಿದರೆ, ಎಡ ಹುಬ್ಬು ಬಂತು, ಮುರಿದ ಹಲ್ಲು ಬಂತು, ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೋಗುವ ಅವನ ಬೆನ್ನು ಬಂತು. ಹೊರಗೆ ಬೀದಿಯಲ್ಲಿ ಮಕ್ಕಳು ಬಾಯಲ್ಲಿ ನೀರು ತುಂಬಿಕೊಂಡು ಹೋಗುತ್ತಿರಬೇಕು, ಬರೀ ಕಾಲಿನ ಸಪ್ಪಳ.

ಆಗ ಅವ್ವ ಕಣ್ಣು ಬಿಟ್ಟು ಸೀದಾ ನನ್ನನ್ನು ನೋಡಿದಳು. ದಾಟಿ ಅಲ್ಲ, ನನ್ನನ್ನೇ. ದಿನಾ ಕೇಳುವ ಮಾತನ್ನೇ ಕೇಳಿದಳು, ಆದರೆ ಮೊದಲ ಸಲ ಕೇಳುವವಳ ಹಾಗೆ, ಉತ್ತರ ಗೊತ್ತಿಲ್ಲದವಳ ಹಾಗೆ.

"ಮೈಲಾರಿ ಉಂಡನಾ?"

ಉತ್ತರ ಕೊಡಬಾರದು. ಸುಳ್ಳು ಹೇಳಬಾರದು. ಅಪ್ಪ ಆರಿಸಿದ ಮಾತು ಬಾಯಲ್ಲಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ.

"ಉಂಡ ಕಣವ್ವ. ನೀನು ಬಡಿದ ರೊಟ್ಟಿ ಉಂಡೇ ಹೋದ."

ನನ್ನ ದನಿಯನ್ನು ನಾನೇ ಅಷ್ಟು ಗಟ್ಟಿಯಾಗಿ ಯಾವತ್ತೂ ಕೇಳಿರಲಿಲ್ಲ. ಅವ್ವ ಒಂದು ದೊಡ್ಡ ಉಸಿರು ಬಿಟ್ಟಳು, ತಲೆಯ ಮೇಲಿನ ಹೊರೆ ಇಳಿಸಿದವರು ಬಿಡುವಂಥದ್ದು. ಮಗ್ಗುಲಾಗಿ ನಿದ್ದೆ ಹೋದಳು. ಗೋಡೆಯ ಮೇಲಿನ ಬಿಸಿಲು ಉಸಿರಾಡುತ್ತಲೇ ಇತ್ತು. ಅದರಲ್ಲಿ ಮೈಲಾರಿ ರೊಟ್ಟಿಯನ್ನು ಸುರುಳಿ ಸುತ್ತಿ, ಒಳಗೆ ಶೇಂಗಾ ಚಟ್ನಿ ಹಾಕಿಕೊಂಡು, ಕಚ್ಚುತ್ತಾ ಹೊಸ್ತಿಲು ದಾಟಿದ. ಚಟ್ನಿಯ ಪುಡಿ ನಾನು ಆರಿಸುತ್ತಿದ್ದ ಕಾಳಿನ ಮೇಲೆ ಉದುರಿತು, ನಾನು ಬೈದೆ, ಅವನು ನಕ್ಕ. ಇದನ್ನು ನಾನು ಕಂಡದ್ದು ಆವತ್ತೋ ಈವತ್ತೋ?

ಮೊರ ಇಳಿಸಿದ ದಿನ ತಡೆದಿಟ್ಟ ಜಗಳವೆಲ್ಲ ಬೀದಿಯಲ್ಲಿ ಒಮ್ಮೆಲೇ ಶುರುವಾಯಿತು. ನಲ್ಲಿಯ ಸರದಿ, ಕೋಳಿ, ಒಣಹಾಕಿದ ಸೀರೆ, ಯಾರದು ಯಾರಿಗೆ ಎಂದು ತಿಳಿಯದಷ್ಟು. ತರಕಾರಿಯವನು ಎಷ್ಟೋ ದಿನದ್ದು ಸೇರಿಸಿ ಕೂಗಿದ. ಅಪ್ಪ ಅಂಗಡಿ ಬಾಗಿಲು ಹಾಕಿ ಬಂದು ಜಗುಲಿಯಲ್ಲಿ ಕೂತಿದ್ದ. ಒಳಗೆ ಅವ್ವ ಎದ್ದು ಸ್ನಾನ ಮಾಡಿ, ಒಲೆ ಹಚ್ಚಿ, ಹಿಟ್ಟು ನಾದುತ್ತಿದ್ದಳು. ಅಪ್ಪ ನನ್ನನ್ನು ಹತ್ತಿರ ಕರೆದ. ಏನು ಹೇಳಿದೆ ಎಂದು ಕೇಳಲಿಲ್ಲ. ನನ್ನ ಮುಖವನ್ನೇ ನೋಡಿ, ಅಂಜಿಕೊಂಡು, ನಾನು ಯಾರೋ ಹೊಸಬಳು ಎಂಬ ಹಾಗೆ ಕೇಳಿದ.

"ಮೈಲಾರಿ ಅಂದ್ರೆ ಯಾರು, ಗೊತ್ತೇನವ್ವ?"

"ತಮ್ಮ" ಎಂದೆ.

ಅಪ್ಪನ ಮುಖದಲ್ಲಿ ಏನೇನೋ ಆಯಿತು. ಸಿಟ್ಟೋ, ಸಮಾಧಾನವೋ. ಮಾತು ನಾಟಲಿಲ್ಲ, ಹಾಲವ್ವ ಇನ್ನು ಉಳಿಯುವುದಿಲ್ಲ ಎಂದುಕೊಂಡಿರಬೇಕು. ನಾನು ಅವನ ಪಕ್ಕದಲ್ಲಿ ಕೂತೆ.

"ಅವನು ಆವತ್ತು ಉಂಡು ಹೋಗಿದ್ದ ಅಪ್ಪ."

"ಹೌದಾ?" ಎಂದ. ಆ ಬೆಳಿಗ್ಗೆ ಅವನು ಮನೆಯಲ್ಲಿರಲಿಲ್ಲ. ಮನೆಯಲ್ಲಿದ್ದವರು ನಾವಿಬ್ಬರೇ. "ನಿಜವಾಗ್ಲೂ ಉಂಡಿದ್ನಾ? ನೀನು ನೋಡಿದ್ಯಾ?"

ಹೇಳಲು ಹೋದೆ. ಮುಚ್ಚಳ ಮುಚ್ಚಿದ ತಟ್ಟೆ ನನಗೆ ಕಾಣುತ್ತಿತ್ತು. ಕಾಳಿನ ಮೇಲೆ ಉದುರಿದ ಚಟ್ನಿಯ ಪುಡಿಯೂ ಕಾಣುತ್ತಿತ್ತು, ಅದರ ಬೆಳ್ಳುಳ್ಳಿ ವಾಸನೆಯ ಸಮೇತ. ಎರಡೂ ದಾರಿ ಅಷ್ಟೇ ಸವೆದಿದ್ದವು. ಹಸಿಯಾದವರಿಗೆ ಸುಳ್ಳು ಯಾಕೆ ಹೇಳಬಾರದು ಎಂಬುದು ಆಗ ಹೊಳೆಯಿತು: ಆಮೇಲೆ ಅದು ಸುಳ್ಳೆಂದು ಹೇಳಲು ಯಾರೂ ಉಳಿದಿರುವುದಿಲ್ಲ. ಹೊಳೆದದ್ದು ಹಾಗೆಯೇ ಜಾರಿಯೂ ಹೋಯಿತು.

"ನೋಡಿದ್ದೆ" ಎಂದೆ.

ಅಪ್ಪ ಟವಲನ್ನು ಮುಖಕ್ಕೆ ಒತ್ತಿಕೊಂಡ. ಮಗನನ್ನು ಮಣ್ಣು ಮಾಡಿದ ದಿನವೂ ಅವನು ಅತ್ತಿರಲಿಲ್ಲ. ಹೊಟ್ಟೆ ತುಂಬಿಕೊಂಡು ಹೋದ ನನ್ನ ಮಗ, ಹೊಟ್ಟೆ ತುಂಬಿಕೊಂಡು ಹೋದ, ಎಂದು ಟವಲಿನೊಳಗೇ ಹೇಳಿಕೊಳ್ಳುತ್ತಿದ್ದ. ಇಷ್ಟು ದಿನ ಅವ್ವನ ಪ್ರಶ್ನೆ ಅವನದ್ದೂ ಆಗಿತ್ತೆಂದು ನನಗೆ ತಿಳಿದಿರಲಿಲ್ಲ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಹೋದೆ. ಬಾಗಿಲಲ್ಲಿ ಕಾಲೆತ್ತಿದೆ. ಅವ್ವ ಒಂದು ರೊಟ್ಟಿಯನ್ನು ಚೂರು ಚೂರಾಗಿ ಮುರಿದು, ಮಾಡುತ್ತಾ ಮಾಡುತ್ತಾ ತಿನ್ನುತ್ತಿದ್ದಳು. ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು, ಬಾಯಿ ಅಗಿಯುತ್ತಿತ್ತು. ಬಿಸಿಲು ಬೀಳುವ ಮುಂಚೆ ಹೋಗಬೇಕು ಅಂತ ಗಡಿಬಿಡಿಯಲ್ಲೇ ತಿಂದ, ಪಾಪ, ಇನ್ನೊಂದು ಹಾಕಬೇಕಿತ್ತು ನಾನು, ಎಂದಳು. ಸತ್ತ ಮಗನ ಬಗ್ಗೆ ತಾಯಂದಿರು ಆಡುವ ಮಾತು. ಗೋಡೆಯ ಪಕ್ಕದಲ್ಲಿ ಆ ತಟ್ಟೆ ಇತ್ತು, ಮುಚ್ಚಳ ಮುಚ್ಚಿಕೊಂಡೇ. ಅವ್ವ ಎದ್ದ ಕೂಡಲೇ, ಹಳೆಯ ಅಭ್ಯಾಸಕ್ಕೆ, ಮೊದಲ ರೊಟ್ಟಿಯನ್ನು ಅದರಲ್ಲಿಟ್ಟಿದ್ದಳು. ಅವನು ಉಂಡು ಹೋಗಿದ್ದರೆ ಆ ತಟ್ಟೆ ಯಾಕಿದೆ? ಆವತ್ತು ಅದರಲ್ಲಿ ಉಳಿದದ್ದೇನು? ಕೇಳಿದರೆ ಎಲ್ಲ ಬಿಚ್ಚಿಹೋಗಬಹುದು, ಅವಳು ಮುಚ್ಚಳ ತೆಗೆದು, ಇಲ್ಲೇ ಐತಲ್ಲ, ಎನ್ನಬಹುದು. ಕೇಳದೆ ಇರಬಹುದಿತ್ತು. ಜೀವಮಾನವೆಲ್ಲ ಕೇಳದೆಯೇ ಇದ್ದವಳು ನಾನು. ಆದರೆ ನನ್ನೊಳಗೆ ಎರಡು ಬೆಳಗುಗಳು ಒಂದರ ಮೇಲೊಂದು ಬಿದ್ದಿದ್ದವು, ನಿಲ್ಲಲು ಜಾಗವಿರಲಿಲ್ಲ.

"ಅವ್ವ" ಎಂದೆ, "ಆ ತಟ್ಟೇಲಿರೋ ರೊಟ್ಟಿ ಯಾರದು?"

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ತಟ್ಟೆಯ ಕಡೆ ನೋಡಿದಳು. ಹಣೆ ಗಂಟಿಕ್ಕಿದಳು, ದಾರಿಯಿದ್ದ ಕಡೆ ದಾರಿ ಕಾಣದೆ ನಿಂತವರ ಹಾಗೆ. ಆಮೇಲೆ ಅದೇನು ದೊಡ್ಡ ವಿಷಯವಲ್ಲವೆಂಬಂತೆ ಮತ್ತೆ ಬಡಿಯತೊಡಗಿದಳು.

"ನಿಂದೇ ಅಲ್ವೇನೇ. ಕಾಳು ಆರಿಸ್ತಾ ಕೂತಿದ್ದೆ, ಆಮೇಲೆ ತಿಂತೀನಿ ಅಂದೆ. ಆವತ್ತಿಂದ ಉಂಡೇ ಇಲ್ಲ ನೀನು. ನೋಡು ಹೆಂಗಾಗಿದೀ."

ಎದ್ದು ಬಂದು, ಮುಚ್ಚಳ ತೆಗೆದು, ತಟ್ಟೆಯನ್ನು ನನ್ನ ಮುಂದಿಟ್ಟು, ನಾನು ತಿನ್ನುವ ತನಕ ಕದಲುವುದಿಲ್ಲ ಎಂಬಂತೆ ಎದುರಿಗೆ ಕೂತಳು. ನನ್ನ ಕಿರುಬೆರಳ ಉಗುರಿನಲ್ಲಿ ನೀಲಿ ಇನ್ನೂ ಸ್ವಲ್ಪ ಉಳಿದಿತ್ತು. ನಾನು ಹಾಗೆ ಹೇಳಿದ್ದೆನೇ, ಇಲ್ಲವೇ? ನೆನಪಿರಲಿಲ್ಲ. ಆದರೆ ಹಸಿವಾಗಿತ್ತು.